ಬಾಸಿಂಗಕ್ಕೆ ಹಚ್ಚಿದ ಆರು ಬಿಲ್ಲೆಗಳು

ಮೊಮ್ಮಗಳ ಫೋನು ಬಂದಾಗ ನಾನು ಹಿತ್ತಲಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕುಳಿತಿದ್ದೆ.

"ನಾನೀ, ಆತು! ನನ್ನನ್ನ ತಗೊಂಡ್ರು!"

ಯಾರು ತೆಗೆದುಕೊಂಡರು, ಯಾವುದಕ್ಕೆ ಎಂದು ಕೇಳುವ ಮೊದಲೇ ನನ್ನ ಕಣ್ಣು ತುಂಬಿ ಬಂದವು. ಮೆಣಸಿನಕಾಯಿ ಮುರಿದ ಕೈಯಲ್ಲೇ ಒರೆಸಿಕೊಂಡು ಇನ್ನಷ್ಟು ಅತ್ತೆ. ಅವಳು ಆ ಕಡೆ ನಗುತ್ತಿದ್ದಳು, ನಾನು ಈ ಕಡೆ ಅಳುತ್ತ ನಗುತ್ತಿದ್ದೆ. ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದಳು.

"ಕಣಗಳನ್ನ ಒಂದಕ್ಕೊಂದು ಡಿಕ್ಕಿ ಹೊಡಸೋ ದೊಡ್ಡ ಯಂತ್ರ ಇರ್ತಾವ ನಾನಿ. ಅದರಾಗ ಸಿಲಿಕಾನಿನ ತೆಳ್ಳನ್ನ ಬಿಲ್ಲೆ ಕೂಡಸ್ತಾರ, ಕಣ ಎಲ್ಲಿ ಹಾದು ಹೋತು ಅಂತ ನೋಡಾಕ. ವಿಕಿರಣದ ಹೊಡತಕ್ಕ ಆ ಬಿಲ್ಲೆ ಜಲ್ದಿ ಸಾಯ್ತಾವ. ಸಾಯದಂಥಾವು ಮಾಡಬೇಕು. ಅದಾ ನನ್ನ ಕೆಲಸ."

ಓಣಿಯ ತುಂಬ ಪೇಡೆ ಹಂಚಿದೆ. ಮೊಣಕಾಲು ನೋವು ಎಲ್ಲಿ ಹೋಯಿತೋ ಗೊತ್ತಿಲ್ಲ. ಎದುರುಮನೆಯ ಮುದುಕಿ ಪೇಡೆ ಬಾಯಿಗೆ ಹಾಕಿಕೊಂಡು, "ಬಿಲ್ಲಿ ಮಾಡ್ತಾಳಂದ್ರ ಅಕ್ಕಸಾಲಿ ಕೆಲಸೇನ ಬೂಬವ್ವಾ? ಅದಕ್ಕ ಅಷ್ಟು ವರ್ಷ ಓದಬೇಕಾಗಿತ್ತೇನ?" ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ನಮ್ಮ ಮನೆತನದಲ್ಲಿ ನಾಲ್ಕನೇ ಇಯತ್ತೆ ದಾಟಿದ ಮೊದಲ ಹೆಣ್ಣುಮಗಳು ನನ್ನ ಮಗಳು. ಅವಳ ಮಗಳು ಈಗ ಇಂಥ ಕಡೆ! ಹೊಟ್ಟೆಯಲ್ಲಿ ಹಿಡಿಸದಷ್ಟು ಸಂತೋಷ.

ಆದರೆ ಪೇಡೆಯ ಡಬ್ಬಿ ಬರಿದಾಗಿ ಮನೆಗೆ ಬಂದು ಕುಳಿತ ಮೇಲೆ ಬೇರೆಯೇ ಒಂದು ನೆನಪು ಎದ್ದಿತು. ಅಂಥ ಬಿಲ್ಲೆಗಳನ್ನು ನಾನು ನೋಡಿದ್ದೆ. ನೋಡಿದ್ದಷ್ಟೇ ಅಲ್ಲ. ಅವುಗಳ ತಂತಿ ಕತ್ತರಿಸಿದವಳು, ಅವುಗಳನ್ನು ಕೆಂಡದ ಮೇಲೆ ಇಟ್ಟವಳು ನಾನೇ. ಅವುಗಳನ್ನು ಹುಡುಕಿಕೊಂಡು ಬಂದವನ ಮುಖ ನೋಡಿ ಸುಳ್ಳು ಹೇಳಿದವಳೂ ನಾನೇ. ಇದು ನನ್ನ ಗಂಡನ ಹೊರತು ಯಾರಿಗೂ ಗೊತ್ತಿರಲಿಲ್ಲ. ಅವರು ಈಗಿಲ್ಲ.

ನಾನು ಹುಟ್ಟಿದ್ದು ಬೆಟಗೇರಿಯಲ್ಲಿ, ಮಗ್ಗಗಳ ಓಣಿಯಲ್ಲಿ. ಎಪ್ಪತ್ತರ ದಶಕದ ಮೊದಲಿಗೆ ಮದುವೆಯಾಗಿ ಲಕ್ಷ್ಮೇಶ್ವರಕ್ಕೆ ಬಂದೆ. ಗಂಡನ ಮನೆಯವರು ಬಾಸಿಂಗ ಮಾಡುವವರು. ಮಾವನವರು ಬೆಳಗಿನ ನಮಾಜು ಮುಗಿಸಿ ಬಂದು ಚಾಪೆಯ ಮೇಲೆ ಕುಳಿತರೆಂದರೆ ಮಧ್ಯಾಹ್ನದೊಳಗೆ ಒಂದು ಜೊತೆ ಬಾಸಿಂಗ ಏಳುತ್ತಿತ್ತು, ಮದುಮಗನಿಗೊಂದು, ಮದುಮಗಳಿಗೊಂದು. ಕೆರೆಯಲ್ಲಿ ಬೆಳೆಯುವ ಬೆಂಡನ್ನು ತಂದು, ಒಣಗಿಸಿ, ಹಾಳೆಯಂತೆ ಸೀಳಿ, ಹುಣಸೆಬೀಜದ ಅಂಟಿನಿಂದ ಒಂದರ ಮೇಲೊಂದು ಕೂರಿಸಿ, ಹೊಳೆಯುವ ಬೇಗಡೆ ಮೆತ್ತಿ, ನಡುವೆ ಸಣ್ಣ ಕನ್ನಡಿ ಇಡಬೇಕು. ಕನ್ನಡಿ ಇಡುವ ಕೆಲಸ ನನ್ನದಾಯಿತು. ನನ್ನ ಕಣ್ಣು ಚುರುಕು, ಬೆರಳು ಸಣ್ಣವು.

ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಒಮ್ಮೆ ನಮ್ಮ ಹೊಸ್ತಿಲು ದಾಟಿ ಹೋದ ಬಾಸಿಂಗ ತಿರುಗಿ ಒಳಗೆ ಬರಬಾರದು. ಬಾಸಿಂಗ ಮರಳಿತೆಂದರೆ ಮದುವೆ ಮುರಿಯಿತೆಂದೇ ಜನ ತಿಳಿಯುತ್ತಿದ್ದರು. ದಾರ ಸಡಿಲಾದರೂ ಬಣ್ಣ ತಪ್ಪಿದರೂ ನನ್ನ ಗಂಡ ಅಂಟಿನ ಬಟ್ಟಲು ಹಿಡಿದುಕೊಂಡು ಅವರ ಊರಿಗೇ ಹೋಗಿ, ಅವರ ಮನೆಯಲ್ಲೇ ಕುಳಿತು ಸರಿಮಾಡಿ ಬರುತ್ತಿದ್ದರು. ಮದುವೆಯ ಮೇಲೂ ಬಾಸಿಂಗ ಎಸೆಯುವಂತಿಲ್ಲ. ಗಂಡಿನ ಮನೆಯಲ್ಲಿ ತೊಲೆಗೆ ಕಟ್ಟುತ್ತಾರೆ. ಅದು ತಾನಾಗಿ ಉದುರಿ ಹೋಗುವ ತನಕ ಅಲ್ಲಿಯೇ.

ಗಂಡನಿಗೆ ಓದು ಬರುತ್ತಿರಲಿಲ್ಲ, ನನಗೆ ಬರುತ್ತಿತ್ತು. ನಾಲ್ಕನೇ ಇಯತ್ತೆಯ ಓದು ಅಂದರೂ ಓದೇ. ಗಿರಾಕಿಗಳು ಲಗ್ನಪತ್ರಿಕೆ ತಂದರೆ ಅವರು ಅದನ್ನು ನನ್ನ ಕಡೆ ನೂಕಿ, "ನಮ್ಮ ಮನ್ಯಾಗ ಓದಾಕಿ ಅದಾಳ್ರಿ" ಎನ್ನುತ್ತಿದ್ದರು. ಆ ಮಾತು ಕೇಳಲೆಂದೇ ನಾನು ಎಷ್ಟೋ ಸಲ ಒಳಗಿನ ಕೆಲಸ ಬಿಟ್ಟು ಬರುತ್ತಿದ್ದೆ.

ಎಂಬತ್ತರ ದಶಕ ಅರ್ಧ ಕಳೆದಿತ್ತು. ಮಾಘದ ಚಳಿ. ಶಿರಹಟ್ಟಿಯ ಕಡೆಯ ರೈತರೊಬ್ಬರು ಚಕ್ಕಡಿ ಹೂಡಿಕೊಂಡು ನಮ್ಮ ಅಂಗಡಿಗೆ ಬಂದರು. ಅವರ ಮಗಳನ್ನು ಮುಂಡರಗಿಗೆ ಕೊಡುವುದಿತ್ತು, ಬಾಸಿಂಗ ಹೇಳಬೇಕಿತ್ತು. ಚಕ್ಕಡಿಯಲ್ಲಿ ಹೊಟ್ಟಿನ ಚೀಲದ ಪಕ್ಕ ಒಂದು ದೊಡ್ಡ ಬಿಳಿ ಪೆಟ್ಟಿಗೆ, ಒಂದು ಮೂಲೆ ಒಡೆದಿತ್ತು.

"ಸಾಬ್ರ, ನೀವು ಕೆರಿಗೆ ಹೋಗಿ ಬೆಂಡು ತರೋದು ತಪ್ಪಿತ ನೋಡ್ರಿ. ನಮ್ಮ ಹೊಲದಾಗ ಆಕಾಶದಾಗಿಂದ ಬೆಂಡು ಬಿದ್ದೈತಿ!"

"ಆಕಾಶದಾಗ ಕೆರಿ ಐತೇನ್ರಿ ಗೌಡ್ರ?" ಎಂದರು ನನ್ನ ಗಂಡ.

"ನಗಬ್ಯಾಡ್ರಿ, ಖರೇ ಹೇಳ್ತೀನಿ. ನಿನ್ನೆ ಹೊತ್ತು ಇಳಿಯೂ ಮುಂದ ಕುಸುಬಿ ಹೊಲದಾಗ ಧೊಪ್ಪಂತ ಬಿತ್ತು. ಮ್ಯಾಲ ಒಂದು ಛತ್ರಿ, ಅದರ ಆಚೀಕ ಓಣಿಯಷ್ಟ ಉದ್ದ ಪ್ಲಾಸ್ಟಿಕ್ ಹಾಳಿ. ಅದನ್ನ ಊರ ಮಂದಿ ಹರಕೊಂಡು ಬಣವಿಗೆ ಹೊಚ್ಚಿದ್ರು. ಈ ಪೆಟಗಿ ನಂದು. ನನ್ನ ಮಗಳ ಬಾಸಿಂಗ ಇದರಾಗ ಆಗಬೇಕು. ಮುಂಡರಗಿ ಮಂದಿ ಬಾಯಾಗ ಬೆರಳ ಇಟ್ಕೋಬೇಕು."

ಅದು ಥರ್ಮಾಕೋಲ್. ಈಗ ಎಲ್ಲರಿಗೂ ಗೊತ್ತು, ಆಗ ನಾವು ಹತ್ತಿರದಿಂದ ಕಂಡಿರಲಿಲ್ಲ. ನನ್ನ ಗಂಡ ಒಂದು ಚೂರು ಮುರಿದು ಅಂಗೈಯಲ್ಲಿಟ್ಟು ತೂಗಿದರು, ಚೂರಿಯಿಂದ ಸೀಳಿ ನೋಡಿದರು. ಬೆಂಡಿಗಿಂತ ಬಿಳುಪು, ಬೆಂಡಿಗಿಂತ ಹಗುರ. ಅವರ ಮುಖದಲ್ಲಿ ಹಬ್ಬ.

ಪೆಟ್ಟಿಗೆಯ ಹೊರಗೆ ಒಂದು ಕಾಗದ ಅಂಟಿಸಿದ್ದರು. ಮೇಲೆ ಇಂಗ್ಲಿಷು, ಕೆಳಗೆ ಒಂದೆರಡು ಬೇರೆ ಲಿಪಿ, ನಡುವೆ ಕನ್ನಡ.

"ಏನು ಬರದೈತಿ ನೋಡು" ಎಂದರು ನನ್ನ ಗಂಡ.

ನಾನು ಮನಸ್ಸಿನಲ್ಲೇ ಪೂರ್ತಿ ಓದಿದೆ. ಇದು ವಿಜ್ಞಾನದ ಉಪಕರಣ, ಇದರಿಂದ ಅಪಾಯವಿಲ್ಲ. ದಯವಿಟ್ಟು ಬಿಚ್ಚಬೇಡಿ, ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಿ. ಓದುತ್ತಿರುವಾಗಲೇ ನನ್ನ ಕಣ್ಣು ಒಡೆದ ಮೂಲೆಯೊಳಗೆ ಹೋಗಿತ್ತು. ಒಳಗೆ ಅಲ್ಯುಮಿನಿಯಂ ಡಬ್ಬಿ, ಅದರ ಮುಚ್ಚಳ ಸೊಟ್ಟಗಾಗಿ ತೆರೆದುಕೊಂಡಿತ್ತು. ಅದರಲ್ಲಿ ದುಂಡನೆಯ ಬಿಲ್ಲೆಗಳು, ಎಂಟಾಣೆಗಿಂತ ಸ್ವಲ್ಪ ದೊಡ್ಡವು. ಗಾಜಿನ ಕನ್ನಡಿಯಂತೆ ಬಿಳಿ ಹೊಳಪಲ್ಲ. ಬಾವಿಯ ತಳದ ನೀರಿನ ಹಾಗೆ, ಕಪ್ಪಿನೊಳಗೆ ನೀಲಿ. ಹದಿನೈದು ವರ್ಷ ಕನ್ನಡಿ ಚೂರು ಹಚ್ಚಿದ ನನ್ನ ಕೈ ಅಂಥದನ್ನು ಮುಟ್ಟಿರಲಿಲ್ಲ.

"ಏನಂತ?" ಎಂದು ಅವರು ಮತ್ತೆ ಕೇಳಿದರು.

"ಅಪಾಯ ಏನೂ ಇಲ್ಲಂತ" ಎಂದೆ.

ಅಷ್ಟೇ ಹೇಳಿದೆ. ಮುಂದಿನದನ್ನು ನುಂಗಿದೆ. ರೈತರಿಗೂ ಓದು ಬರುತ್ತಿರಲಿಲ್ಲ. "ನಾ ಹೇಳಿದ್ನೋ ಇಲ್ಲೋ?" ಎಂದು ಅವರು ಪೆಟ್ಟಿಗೆ ಇಳಿಸಿದರು.

ಬಿಲ್ಲೆಗಳು ಆರು ಇದ್ದವು. ಒಂದೊಂದೂ ಬಿಳಿ ಪಿಂಗಾಣಿಯಂಥ ಚೌಕಟ್ಟಿಗೆ ಅಂಟಿಕೊಂಡಿತ್ತು, ಕೂದಲಿನಷ್ಟು ಸಣ್ಣ ತಂತಿಗಳು ಅದಕ್ಕೆ ಬೆಸೆದುಕೊಂಡಿದ್ದವು. ತಂತಿಗಳನ್ನು ಉಗುರು ಕತ್ತರಿಸುವ ಕತ್ತರಿಯಿಂದ ಕತ್ತರಿಸಿದೆ. ಅಂಟು ಬಿಡಲಿಲ್ಲ. ಶೇಗಡಿಯಲ್ಲಿ ಕೆಂಡ ಮಾಡಿ, ಮೇಲೆ ರೊಟ್ಟಿ ಹಂಚು ಇಟ್ಟು, ಆರನ್ನೂ ಅದರಲ್ಲಿಟ್ಟು ಕಾಯಿಸಿದೆ. ಅಂಟು ಮೆತ್ತಗಾದ ಮೇಲೆ ಚೂರಿಯ ತುದಿಯಿಂದ ಮೆಲ್ಲಗೆ ಎಬ್ಬಿಸಿದೆ. ಒಂದೂ ಒಡೆಯಲಿಲ್ಲ. ಎಷ್ಟು ಜಂಬಪಟ್ಟಿದ್ದೆ! ಪ್ರತಿ ಬಾಸಿಂಗಕ್ಕೆ ಮೂರು ಬಿಲ್ಲೆ, ನಡುವೆ ಒಂದು, ಅಕ್ಕಪಕ್ಕ ಎರಡು, ಸುತ್ತ ಬಂಗಾರದ ಬಣ್ಣದ ಬೇಗಡೆ. ಐದನೇ ದಿನ ರೈತರು ಒಯ್ಯಲು ಬಂದರು. ಎರಡೂ ಬಾಸಿಂಗಗಳನ್ನು ರುಮಾಲಿನಲ್ಲಿ ಸುತ್ತಿ ಎದೆಗೆ ಅವಚಿಕೊಂಡು ಹೋದರು.

ಮದುವೆಯಾದ ಮೂರನೆಯ ದಿನ ನಮ್ಮ ಅಂಗಡಿಯ ಮುಂದೆ ಜೀಪು ನಿಂತಿತು.

ಇಳಿದವನು ಸಣಕಲು ಹುಡುಗ, ಇಪ್ಪತ್ತೇಳು ಇಪ್ಪತ್ತೆಂಟು ಇರಬೇಕು. ಅಂಗಿಯ ತುಂಬ ಧೂಳು, ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿದ್ದ. ಮಾತು ಮೈಸೂರು ಕಡೆಯದು. ಹೈದರಾಬಾದಿನ ಕಡೆಯಿಂದ ಬಿಟ್ಟ ದೊಡ್ಡ ಬಲೂನು ಅಂದುಕೊಂಡದ್ದಕ್ಕಿಂತ ದೂರ ತೇಲಿ ಬಂದು ಇಳಿದಿತ್ತಂತೆ. ಊರೂರು ಕೇಳುತ್ತ ಶಿರಹಟ್ಟಿಯ ಕಡೆ ಬಂದು, ಬಣವಿಯ ಮೇಲಿನ ಪ್ಲಾಸ್ಟಿಕ್ ಗುರುತಿಸಿದ್ದ. ಯಾರೋ ನಮ್ಮ ಅಂಗಡಿ ತೋರಿಸಿದ್ದರು.

ನನ್ನ ಗಂಡ ಬಚ್ಚಿಡುವವರಲ್ಲ. ಉಳಿದ ಥರ್ಮಾಕೋಲ್ ಚೂರು, ಸೊಟ್ಟಗಾದ ಡಬ್ಬಿ, ತಂತಿಯ ಸಿಂಬೆ ಎಲ್ಲ ತಂದು ಮುಂದಿಟ್ಟರು. "ತಪ್ಪಾತ್ರಿ ಸಾಹೇಬ್ರ. ನಮಗ ತಿಳೀಲಿಲ್ಲ. ಖರೇ ಹೇಳ್ತೀನಿ, ನಾವು ಬೆಂಡು ಅಂತ ತಿಳಕೊಂಡ್ವಿ" ಎಂದರು.

ಅವನು ಬೈಯಲಿಲ್ಲ. ಡಬ್ಬಿಯೊಳಗೆ ಕೈ ಹಾಕಿದ, ಬರಿಗೈ ತೆಗೆದ, ಮತ್ತೆ ಹಾಕಿದ.

"ಇದರಲ್ಲಿ ಆರು ಬಿಲ್ಲೆ ಇದ್ದವು. ಕಪ್ಪಗೆ ಹೊಳೀತಾವೆ. ನೋಡಿದ್ರಾ?"

ನನ್ನ ಗಂಡ ತಡವರಿಸಿದರು. ಅವರಿಗೆ ಬಿಲ್ಲೆ ಎಲ್ಲಿವೆ ಎಂದು ಗೊತ್ತಿತ್ತು. ಆದರೆ ಅವು ಈಗ ಬಾಸಿಂಗದಲ್ಲಿದ್ದವು, ಬಾಸಿಂಗ ಮುಂಡರಗಿಯ ತೊಲೆಗೆ ಏರಿತ್ತು. ಮದುವೆಯಾಗಿ ಮೂರು ದಿನ. ಅವರು ನನ್ನ ಕಡೆ ತಿರುಗಿ, "ಆಕೀನ್ನ ಕೇಳ್ರಿ. ಪೆಟಗಿ ಬಿಚ್ಚಿದಾಕಿ ಆಕಿ" ಎಂದರು.

ನಾನು ಚಹಾ ತಂದು ಕೊಟ್ಟೆ. ಅವನು ಹಲಗೆಯ ಮೇಲೆ ಕುಳಿತು, ನನಗೆ ತಿಳಿಯಲಿ ಎಂದು ಒಂದೊಂದೇ ಮಾತು ಆರಿಸಿ ಹೇಳಿದ.

"ನೋಡಿಯಮ್ಮ, ಮೇಲಿಂದ ಕಣ್ಣಿಗೆ ಕಾಣದ ಕಣಗಳು ಬೀಳ್ತಾನೇ ಇರುತ್ತವೆ. ನಿಮ್ಮ ಮೇಲೂ, ನನ್ನ ಮೇಲೂ. ಆ ಬಿಲ್ಲೆ ಅವನ್ನ ಎಣಿಸುತ್ತೆ. ಆದರೆ ಜಾಸ್ತಿ ಹೊಡೆತ ಬಿದ್ದರೆ ಅದಕ್ಕೆ ಒಳಗೇ ಗಾಯ ಆಗುತ್ತೆ. ಆಮೇಲೆ ಸುಳ್ಳು ಎಣಿಸುತ್ತೆ, ಕೊನೆಗೆ ಸಾಯುತ್ತೆ. ಗಾಯ ತಡೆಯೋ ಬಿಲ್ಲೆ ಮಾಡೋಕೆ ನಾಲ್ಕು ವರ್ಷದಿಂದ ಒದ್ದಾಡ್ತಾ ಇದೀನಿ. ಆ ಆರರಲ್ಲಿ ಮೂರು ಮಾಮೂಲಿ, ಮೂರು ನಾನು ಮಾಡಿದ್ದು. ಆರಕ್ಕೂ ಯಂತ್ರದಲ್ಲಿ ಸಮನಾಗಿ ಗಾಯ ಮಾಡಿ ಮೇಲೆ ಕಳಿಸಿದ್ದೆ. ಯಾವುದು ಎಷ್ಟು ತಡೀತು ಅಂತ ಈಗ ಮತ್ತೆ ಅಳೀಬೇಕು."

"ಬ್ಯಾರೆ ಮಾಡಾಕ ಬರಂಗಿಲ್ಲೇನ್ರಿ?" ಎಂದು ನನ್ನ ಗಂಡ ಕೇಳಿದರು.

"ಮತ್ತೆ ಬಲೂನು ಕೊಡೋದಿಲ್ಲ ನನಗೆ. ಇದೇ ಕೊನೇದು. ಇನ್ನೊಂದು ಕಷ್ಟ ಇದೆ. ಅವನ್ನ ತಣ್ಣಗೆ ಇಡಬೇಕು. ಬೆಚ್ಚಗಿದ್ದರೆ ಗಾಯ ತಾನಾಗೇ ಮಾಯುತ್ತೆ. ಮಾಯ್ದುಬಿಟ್ಟರೆ ನಾನು ಅಳೆಯೋದು ಏನನ್ನ? ಇನ್ನೊಂದೆರಡು ವಾರದಲ್ಲಿ ಸಿಕ್ಕರೆ ಹೇಗೋ ಲೆಕ್ಕ ಹಿಡೀಬಹುದು."

ಕೆಂಡದ ಮೇಲಿನ ಹಂಚು ನನ್ನ ಕಣ್ಣ ಮುಂದೆ ಬಂತು.

"ಒಳಗ ಏನೂ ಇರಲಿಲ್ರಿ" ಎಂದೆ. "ಮೂಲಿ ಒಡದಿತ್ತಲ್ಲ, ಹೊಲದಾಗ ಬಿದ್ದಿರಬೇಕು."

ಅವನು ಪೆಟ್ಟಿಗೆಯ ಚೂರೊಂದನ್ನು ಎತ್ತಿಕೊಂಡ. ಆ ಕಾಗದ ಇನ್ನೂ ಅದಕ್ಕೆ ಅಂಟಿತ್ತು.

"ಕನ್ನಡದಲ್ಲೂ ಬರೆಸಿದ್ವಲ್ಲಮ್ಮ, ಬಿಚ್ಚಬೇಡಿ ಅಂತ."

"ನಮಗ ಓದಾಕ ಬರಂಗಿಲ್ರಿ" ಎಂದೆ.

ನನ್ನ ಗಂಡ ಥಟ್ಟನೆ ತಲೆಯೆತ್ತಿ ನನ್ನನ್ನು ನೋಡಿದರು. ಆ ದಿನದ ನಂತರ ಅವರು ಯಾವ ಗಿರಾಕಿಯ ಮುಂದೆಯೂ ನಮ್ಮ ಮನೆಯಲ್ಲಿ ಓದುವವಳು ಇದ್ದಾಳೆಂದು ಹೇಳಲಿಲ್ಲ. ಪತ್ರಿಕೆಯನ್ನು ಸುಮ್ಮನೆ ನನ್ನ ಕಡೆ ಸರಿಸುತ್ತಿದ್ದರು.

ಹುಡುಗ ತನ್ನ ವಿಳಾಸವನ್ನು ಒಂದು ಚೀಟಿಯಲ್ಲಿ ಬರೆದು, "ಓದು ಬರೋರ ಹತ್ತಿರ ಓದಿಸ್ಕೊಳ್ಳಿ, ಏನಾದರೂ ಗೊತ್ತಾದರೆ ಒಂದು ಕಾರ್ಡು ಹಾಕಿಸಿ" ಎಂದು ಕೊಟ್ಟು ಹೋದ.

ಆಗ ನನ್ನನ್ನು ಬಾಯಿ ಬಿಡದಂತೆ ಮಾಡಿದ್ದು ಏನು ಎಂದು ಬಹಳ ಸಲ ಕೇಳಿಕೊಂಡಿದ್ದೇನೆ. ಪೊಲೀಸರ ಭಯ ಇತ್ತು. ಪೊಲೀಸರಿಗೆ ಒಪ್ಪಿಸಬೇಕಾಗಿದ್ದ ವಸ್ತುವನ್ನು ಹಣೆಗೆ ಕಟ್ಟಿ ಕಳಿಸಿದರೆಂದು ಗೊತ್ತಾದರೆ ಮುಂಡರಗಿಯ ಆ ಹೊಸ ಸೊಸೆ ಜನ್ಮವಿಡೀ ಮಾತು ಕೇಳಬೇಕಾಗುತ್ತದೆ ಎಂಬ ಚಿಂತೆಯೂ ಇತ್ತು. ಮನೆಯ ಕಟ್ಟಳೆ ಇತ್ತು. ಇವನ್ನೆಲ್ಲ ಗಂಡನಿಗೆ ಹೇಳಿದೆ, ಅವರು ಹೂಂ ಎಂದರು. ಆದರೆ ಇವು ಯಾವುವೂ ಅಲ್ಲ. ಅರ್ಧ ಓದಿ ಅರ್ಧ ನುಂಗಿದ್ದೇನೆಂದು ಅವರಿಗೆ ತಿಳಿಯಬಾರದು ಎಂಬುದೊಂದೇ ಖರೆ. ಅದನ್ನು ಮುಚ್ಚಲು ಉಳಿದದ್ದೆಲ್ಲ.

ಅವರು ಕೇಳಲೂ ಇಲ್ಲ. ಕೇಳಿದ್ದರೆ ಬಹುಶಃ ಅತ್ತು ಹೇಳಿಬಿಡುತ್ತಿದ್ದೆ.

ವಾರ ಎರಡಾಯಿತು, ನಾಲ್ಕಾಯಿತು. ಯುಗಾದಿ ಹೋಯಿತು. ಹುಡುಗ ಮರೆತಿರಬೇಕು, ಅಂಥವರಿಗೆ ಸರಕಾರ ಏನಾದರೂ ಕೊಡುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಹಾಗಿರುವಾಗ ಒಂದು ದಿನ ಆ ರೈತರು ಲಕ್ಷ್ಮೇಶ್ವರದ ಸಂತೆಗೆ ಬಂದವರು ಅಂಗಡಿಯ ಕಟ್ಟೆಗೆ ಕುಳಿತು ನಗುತ್ತ ಹೇಳಿದರು.

"ಸಾಬ್ರ, ಆ ಜೀಪಿನ ಹುಡುಗ ಪೂರಾ ಹುಚ್ಚನ ಆಗ್ಯಾನ್ರಿ! ಅವತ್ತು ನಾಲ್ಕು ದಿನ ನನ್ನ ಕುಸುಬಿ ಹೊಲದಾಗ ಮೊಣಕಾಲ ಊರಿ ಹುಡಿಕಿದ. ಕುಸುಬಿ ಮುಳ್ಳು ಗೊತ್ತಲ್ರಿ? ಕೈ ಎಲ್ಲಾ ರಕ್ತ. ನಾ ಬ್ಯಾಡಪಾ ಅಂದೆ, ಕೇಳಲಿಲ್ಲ. ಈಗ ಕೊಯ್ಲು ಆದ ಮ್ಯಾಲ ಮತ್ತ ಬಂದಿದ್ದ. ಜರಡಿ ತಂದಿದ್ದ ನೋಡ್ರಿ, ಜರಡಿ! ಎರಡೆಕರೆ ಹೊಲದ ಮಣ್ಣು ಸಾಣಿಸ್ತೀನಿ ಅಂತಾನ. ನಮ್ಮಾಕಿ ಅಳಕೋತ ರೊಟ್ಟಿ ಕೊಟ್ಟಳು."

"ನೀವು ಏನು ಹೇಳಿದ್ರಿ ಅವಗ?" ಎಂದು ನಾನು ಒಳಗಿನಿಂದಲೇ ಕೇಳಿದೆ.

"ನಾ ಏನ್ ಹೇಳಲಿ ಯವ್ವಾ? ಬಿಲ್ಲಿಗಿಲ್ಲಿ ನಂಗೇನ ಗೊತ್ತು. ಕನ್ನಡಿ ಎಲ್ಲಾ ನೀನ ಹಚ್ಚಿದಾಕಿ, ನಿನ್ನ ಅಂಗಡಿಯಾವು ಅಂತ ತಿಳದೀನಿ."

ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಲೋಕದಲ್ಲಿ ಅದು ಗೊತ್ತಿದ್ದವರು ನಾವಿಬ್ಬರೇ. ನಾನು ಹೇಳಿದ್ದಕ್ಕೆ, ಹೊಲದಲ್ಲಿ ಬಿದ್ದಿರಬೇಕು ಎಂದು ನಾನು ಆಡಿದ ಒಂದು ಮಾತಿಗೆ, ಆ ಹುಡುಗ ಮಣ್ಣು ಸಾಣಿಸಿದ್ದ.

ಅದಾದ ಮೇಲೂ ನಾನು ಕೂಡಲೇ ಎದ್ದು ಹೋಗಲಿಲ್ಲ. ಮದುವೆಯ ಹಂಗಾಮು, ಕೆಲಸ ಬಹಳ ಎಂದು ಇನ್ನೂ ದಿನ ನೂಕಿದೆ. ಕಾರಹುಣ್ಣಿಮೆ ಕಳೆದ ಮರುದಿನ, ತವರಿಗೆ ಹೋಗಿ ಬರುತ್ತೇನೆಂದು ಗಂಡನಿಗೆ ಹೇಳಿ, ಅಂಟಿನ ಬಟ್ಟಲು, ಹನ್ನೆರಡು ಹೊಸ ಕನ್ನಡಿ, ಬೇಗಡೆ ಚೀಲದಲ್ಲಿಟ್ಟುಕೊಂಡು ಶಿರಹಟ್ಟಿಯ ಬಸ್ಸು ಹತ್ತಿದೆ. ಅಲ್ಲಿ ಬಸ್ಸು ಬದಲಿಸಿ ಕಪ್ಪತಗುಡ್ಡದ ಸೆರಗು ಹಿಡಿದು ಮುಂಡರಗಿಗೆ ಹೋದೆ. ಮಳೆ ಬಿದ್ದು ಎರೆನೆಲ ಕಪ್ಪಾಗಿತ್ತು, ಬಿತ್ತುವ ಗಡಿಬಿಡಿ. ಕಿಟಕಿಗೆ ತಲೆಯಿಟ್ಟು ಏನು ಹೇಳಬೇಕೆಂದು ಕಲಿಯುತ್ತ ಹೋದೆ.

ಆ ಮನೆಯಲ್ಲಿ ಅತ್ತೆಯಾದವರು ಜಗಲಿಯ ಮೇಲೆ ಕುಳಿತು ಶೇಂಗಾ ಬೀಜ ಆರಿಸುತ್ತಿದ್ದರು. ನಾನು ಯಾರೆಂದು ಹೇಳಿದಾಗ ಹುಬ್ಬು ಏರಿಸಿದರು.

"ಕೊಟ್ಟ ಬಾಸಿಂಗ ಇಸ್ಕೊಂಡು ಹೋಗಾಕ ಬಂದಿಯೇನ ಮತ್ತ?"

"ಅಲ್ಲಾ ತೌಬಾ! ಹಂಗ ಅನಬ್ಯಾಡ್ರಿ ಯವ್ವಾರ. ಅವತ್ತು ಗಡಿಬಿಡಿಯಾಗ ಕಪ್ಪು ಕನ್ನಡಿ ಹಚ್ಚೀನಿ. ಮನಸ್ಸಿಗೆ ಸಮಾಧಾನ ಇಲ್ಲ. ಇಲ್ಲೇ ಕುಂತು ಬಿಳೇವು ಹಚ್ಚಿ ಹೋಗ್ತೀನಿ. ಹೊಸ್ತಿಲಾ ದಾಟಸಂಗಿಲ್ಲ."

"ನಾನೂ ಅದನ್ನ ಅಂದಿದ್ದೆ ನೋಡು! ಹಣಿಮ್ಯಾಲ ಕಪ್ಪು ಎದಕ್ಕಂತ. ಮಂದಿ ಎಲ್ಲಾ ಛಲೋ ಅದಾವು ಛಲೋ ಅದಾವು ಅಂದ್ರು, ನಾ ಬಾಯಿ ಮುಚ್ಚಿದೆ." ಅವರು ಒಳಗೆ ಕೂಗಿದರು, "ಏ ಸೊಸೀ, ಏಣಿ ತಗೊಂಬಾ!"

ಎರಡೂ ಬಾಸಿಂಗಗಳನ್ನು ಒಲೆಯ ಮುಂದಿನ ತೊಲೆಗೆ ಕಟ್ಟಿದ್ದರು. ಹೊಗೆಗೆ ಬೇಗಡೆ ಕಂದಿತ್ತು, ಥರ್ಮಾಕೋಲ್ ಹಳದಿಯಾಗಿತ್ತು. ಸೊಸೆ ಚಹಾ ಮಾಡಿಕೊಟ್ಟಳು, ಪಕ್ಕದಲ್ಲಿ ಕುಳಿತು ನನ್ನ ಕೈಯನ್ನೇ ನೋಡಿದಳು. ಅರ್ಧ ತಾಸಿನಲ್ಲಿ ಕೆಲಸ ಮುಗಿಯಿತು. ಅರ್ಧ ತಾಸು. ಅತ್ತೆ ಎರಡು ಸೇರು ಶೇಂಗಾ ಕಟ್ಟಿಕೊಟ್ಟು ಕಳಿಸಿದರು. ಜೀಪು ಬಂದ ದಿನವೇ ನಾನು ಹೀಗೆ ಹೊರಟು ಬರಬಹುದಿತ್ತು. ಅಂಟಿನ ಬಟ್ಟಲು ಹಿಡಿದು ಹೋಗುವುದು ನಮ್ಮ ಮನೆಯ ಪದ್ಧತಿಯೇ ಆಗಿತ್ತಲ್ಲ.

ಐದು ಬಿಲ್ಲೆ ಇಡಿಯಾಗಿ ಬಂದವು. ಆರನೆಯದು ಬಿಡಿಸುವಾಗ ಎರಡು ಹೋಳಾಯಿತು. ಹತ್ತಿಯಲ್ಲಿ ಸುತ್ತಿ, ಬಳೆಯ ಡಬ್ಬಿಯಲ್ಲಿಟ್ಟು, ಮರುದಿನ ಗದಗಿನಲ್ಲಿ ಅಂಚೆಗೆ ಹಾಕಿದೆ. ಜೊತೆಗೆ ನಾನೇ ಒಂದು ಚೀಟಿ ಬರೆದೆ, ನಿಮ್ಮ ಬಿಲ್ಲೆ ಸಿಕ್ಕವು, ಕಳಿಸಿದ್ದೇವೆ ಎಂದು. ಎಲ್ಲಿ, ಹೇಗೆ, ಯಾರಿಗೆ ಸಿಕ್ಕವು ಎಂದು ಬರೆಯಲಿಲ್ಲ. ಕೆಳಗೆ ಅಂಗಡಿಯ ವಿಳಾಸ ಹಾಕಿದೆ, ಹೆಸರು ಹಾಕಲಿಲ್ಲ.

ಅವನ ಉತ್ತರ ಶ್ರಾವಣದಲ್ಲಿ ಬಂತು. ಎರಡು ಹಾಳೆ. ನನಗೆ ಓದಲು ಸುಲಭವಾಗಲೆಂದೋ ಏನೋ ಅಕ್ಷರ ದೊಡ್ಡದಾಗಿ ಬಿಡಿಸಿ ಬರೆದಿದ್ದ. ಬಿಲ್ಲೆ ಕಳಿಸಿದ್ದಕ್ಕೆ ಎಷ್ಟು ಉಪಕಾರ ಹೇಳಿದರೂ ಕಡಿಮೆ ಎಂದು ಮೊದಲು. ನಂತರ ಸುದ್ದಿ. ಅವನ ಮೇಲಿನವರು ಕಾಯಲು ಒಪ್ಪದೆ ಈ ಕೆಲಸ ನಿಲ್ಲಿಸಿದ್ದರು, ಅವನು ಒಂದು ಕಾಲೇಜಿನಲ್ಲಿ ಪಾಠ ಹೇಳಲು ಸೇರಿದ್ದ. ಹಳೆಯ ಗೆಳೆಯನ ಕೈಕಾಲು ಹಿಡಿದು ಒಂದು ರವಿವಾರ ಬಿಲ್ಲೆಗಳನ್ನು ಅಳೆದು ನೋಡಿದ್ದನಂತೆ. ಮಾಮೂಲಿ ಬಿಲ್ಲೆಗಳಲ್ಲೂ ತನ್ನವುಗಳಲ್ಲೂ ವ್ಯತ್ಯಾಸ ಕಾಣುತ್ತಿದೆ, ಆದರೆ ಅದು ತಾನು ಬಿಲ್ಲೆಗೆ ಬೆರೆಸಿದ ಪಾಕದಿಂದಲೋ, ಬಿಸಿಯಲ್ಲಿ ಇದ್ದುದರಿಂದಲೋ ತಿಳಿಯುತ್ತಿಲ್ಲ ಎಂದಿದ್ದ.

ಕೊನೆಯಲ್ಲಿ ಹೀಗೆ ಬರೆದಿದ್ದ: "ಇವು ಎಲ್ಲಿದ್ದವು ಎಂದು ನಾನು ಕೇಳುವುದಿಲ್ಲ, ಯಾರ ಮೇಲೂ ಸಿಟ್ಟಿಲ್ಲ. ಎಷ್ಟು ದಿನ ಬೆಚ್ಚಗಿದ್ದವು, ಬೆಂಕಿಯ ಹತ್ತಿರ ಇದ್ದವೇ, ಇದ್ದರೆ ಎಷ್ಟು ಹೊತ್ತು, ಇದಿಷ್ಟು ತಿಳಿದರೆ ಲೆಕ್ಕ ಹಿಂದಕ್ಕೆ ಹಾಕಿ ಗಾಯ ಎಷ್ಟಿತ್ತೆಂದು ಹೇಳಬಲ್ಲೆ. ದಯವಿಟ್ಟು ಅಂದಾಜಾದರೂ ತಿಳಿಸಿ." ಒಳಗೆ ತನ್ನ ವಿಳಾಸ ಬರೆದ ಖಾಲಿ ಕಾರ್ಡು ಇತ್ತು.

ಗಂಡನ ಮುಂದೆ ಪೂರ್ತಿ ಓದಿದೆ. ಒಂದು ಸಾಲನ್ನೂ ನುಂಗಲಿಲ್ಲ. ಅವರು ಬೆಂಡು ಸೀಳುತ್ತಿದ್ದ ಚೂರಿ ಕೆಳಗಿಟ್ಟು, "ಬರದು ಹಾಕು. ನೀ ಓದಾಕಿ ಅದೀಯಲ್ಲ" ಎಂದರು. ಅವರಿಗೆ ಎಲ್ಲ ಮೊದಲೇ ತಿಳಿದಿತ್ತು ಎಂದು ಆಗ ನನಗೆ ತಿಳಿಯಿತು.

ನಾನು ಬರೆಯಲಿಲ್ಲ.

ಕಾರ್ಡು ಮುಂದಿಟ್ಟುಕೊಂಡು ಕೂರುತ್ತಿದ್ದೆ. ಹಂಚಿನ ಮೇಲೆ ಇಟ್ಟು ಕಾಯಿಸಿದೆ ಎಂದು ಬರೆದರೆ ಅವನು ಅಂಗಡಿಗೆ ಬಂದ ದಿನ ನಾನು ಆಡಿದ ಒಂದೊಂದು ಮಾತೂ ಸುಳ್ಳೆಂದು ತಿಳಿಯುತ್ತದೆ. ಮುಳ್ಳಿನಲ್ಲಿ ಮೊಣಕಾಲೂರಿದ್ದು ಈ ಹೆಂಗಸಿನಿಂದ ಎಂದು ತಿಳಿಯುತ್ತದೆ. ನಾಳೆ ಬರೆಯೋಣ ಎನ್ನುತ್ತಿದ್ದೆ. ಗಂಡ ಇನ್ನೊಮ್ಮೆ, "ಹಾಕಿದೇನ?" ಎಂದು ಕೇಳಿದರು, ಮತ್ತೆ ಕೇಳಲಿಲ್ಲ. ಮಕ್ಕಳ ಜ್ವರ, ಮದುವೆಯ ಹಂಗಾಮು, ಮನೆ ಬದಲಿಸಿದ್ದು. ಕಾರ್ಡು ಎಲ್ಲೋ ಹೋಯಿತು. ಅವನಿಂದ ಮತ್ತೆ ಕಾಗದ ಬರಲಿಲ್ಲ. ಒಂದು ಕಾರ್ಡಿಗೆ ಎಷ್ಟು ಕಾಯ್ದನೋ, ಕಾಲೇಜಿನಿಂದ ಮನೆಗೆ ಬಂದಾಗಲೆಲ್ಲ ಟಪಾಲು ನೋಡುತ್ತಿದ್ದನೋ ಏನೋ.

ಪೇಡೆ ಹಂಚಿದ ದಿನ ಸಂಜೆ ಮೊಮ್ಮಗಳಿಗೆ ನಾನೇ ಫೋನು ಮಾಡಿ ಇದೆಲ್ಲ ಹೇಳಿದೆ. ಅವಳು ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ಮೊದಲು ಬಿಲ್ಲೆಯ ಮಾತೇ ಎತ್ತಿದಳು.

"ನಾನಿ, ಅವರು ಹೇಳಿದ್ದು ಖರೇ. ಬೆಚ್ಚಗಿಟ್ರ ಗಾಯ ಮಾಯ್ತಾವ. ಆದ್ರ ಅತೀ ಬಿಸಿಯಾಗ ಬಹಳ ದಿನ ಇಟ್ರ ಮತ್ತ ಒಳಗಿಂದ ಒಳಗ ಕೆಡ್ತಾವ. ಈಗ ನಮಗ ಮೊದಲನೇ ಪಾಠ ಅದಾ."

"ಹಂಗಾರ ಅವರು ಹುಡಕತಿದ್ದದ್ದು ಸಿಕ್ಕೈತೇನು?"

"ಸಿಕ್ಕೈತಿ. ಆಮ್ಯಾಲ ಬ್ಯಾರೆ ಬ್ಯಾರೆ ದೇಶದವರು ಕೂಡಿ ಕಂಡುಹಿಡದ್ರು."

ನಾನು ಆ ಹುಡುಗನ ಹೆಸರು ಹೇಳಿದೆ. ಚೀಟಿಯಲ್ಲಿ ಓದಿದ್ದು, ಇಷ್ಟು ವರ್ಷವಾದರೂ ಮರೆತಿಲ್ಲ. ಅವಳು ಕಂಪ್ಯೂಟರಿನಲ್ಲಿ ಹುಡುಕಿದಳು, ಕೀಲಿಯ ಸಪ್ಪಳ ಕೇಳಿಸುತ್ತಿತ್ತು. ಬೇರೆ ರೀತಿ ಬರೆದು ಮತ್ತೆ ಹುಡುಕಿದಳು.

"ಇಲ್ಲ ನಾನಿ. ಎಲ್ಲೂ ಇಲ್ಲ."

ನನ್ನನ್ನು ಸಮಾಧಾನ ಮಾಡುತ್ತಾಳೆಂದು ಕಾಯ್ದೆ. ಆಗ ನಿನಗೇನು ಗೊತ್ತಿತ್ತು ಬಿಡು ಎನ್ನಬಹುದಿತ್ತು. ಅವಳು ಹಾಗೆ ಅನ್ನಲಿಲ್ಲ, ಅದಕ್ಕೆ ಅವಳ ಮೇಲೆ ನನಗೆ ಇನ್ನೂ ಪ್ರೀತಿ ಹೆಚ್ಚಾಯಿತು. "ಆ ಕಾರ್ಡ್ ಬರೀಬೇಕಾಗಿತ್ತು ನೀ" ಎಂದಳು. "ಹೌದು" ಎಂದೆ. ಆಮೇಲೆ ತನ್ನ ಊಟ, ಹೊಸ ಕೋಣೆ, ಬಿಳಿ ಕೋಟು ಹಾಕಿಕೊಂಡು ಹೋಗಬೇಕಂತೆ ಅದು ಎಲ್ಲ ಹೇಳಿ ನನ್ನನ್ನು ನಗಿಸಿ ಫೋನು ಇಟ್ಟಳು.

ಆ ಹುಡುಗ, ಆಮೇಲೆ ಕಾಲೇಜಿನ ಮೇಷ್ಟ್ರಾದವರು, ಈಗ ನಿವೃತ್ತರಾಗಿರಬೇಕು. ನಾನು ಬರೆದ ಇದು ಅವರ ಕಣ್ಣಿಗೆ ಬೀಳುತ್ತದೆಯೋ ಇಲ್ಲವೋ. ಕಾರ್ಡಿನಲ್ಲಿ ಬರೆಯಬೇಕಾಗಿದ್ದದ್ದು ಇಷ್ಟು: ಆರೂ ಬಿಲ್ಲೆಗಳನ್ನು ಶೇಗಡಿಯ ಹೊಸ ಕೆಂಡದ ಮೇಲೆ, ಕಬ್ಬಿಣದ ರೊಟ್ಟಿ ಹಂಚಿನಲ್ಲಿ, ಒಂದು ತಂಬಿಗೆ ಹಾಲು ಉಕ್ಕುವಷ್ಟು ಹೊತ್ತು ಇಟ್ಟಿದ್ದೆ. ಮೂರು ಮೊದಲು ಎಬ್ಬಿಸಿದೆ, ಉಳಿದ ಮೂರು ಇನ್ನೂ ಅರ್ಧ ಅಷ್ಟು ಹೊತ್ತು ಇದ್ದವು. ಬಿಲ್ಲೆಗಳ ಬೆನ್ನಿಗೆ ಸಣ್ಣ ಅಂಕಿ ಗೀರಿದ್ದವು; ಒಂದು, ಎರಡು, ನಾಲ್ಕು ಎಂಬ ಅಂಕಿಯವು ಮೊದಲು ಎದ್ದವು. ನಂತರ ಐದು ದಿನ ನಮ್ಮ ಮನೆಯ ಗೂಡಿನ ತಂಪಿನಲ್ಲಿದ್ದವು. ಆಮೇಲೆ ಮುಂಡರಗಿಯಲ್ಲಿ ಒಲೆಯಿಂದ ಮೂರು ಮೊಳ ಈಚೆ, ಆಳೆತ್ತರದ ಮೇಲಿನ ತೊಲೆಯಲ್ಲಿ, ಮಾಘದಿಂದ ಕಾರಹುಣ್ಣಿಮೆಯ ಮರುದಿನದ ತನಕ. ಆ ಮನೆಯಲ್ಲಿ ಒಲೆ ದಿನಕ್ಕೆ ಎರಡು ಸಲ ಉರಿಯುತ್ತಿತ್ತು.